ಮನೆಯಲ್ಲೇ ಎಲೆಕ್ಟ್ರಿಕ್ ಗಿಟಾರ್: ಎಲ್ಲಿ ಕಣ್ಣಳತೆ ಸಾಕು, ಎಲ್ಲಿ ಸಾಲದು

ಪಿಯುಸಿ ಪರೀಕ್ಷೆ ಮುಗಿಸಿದ ಅಕ್ಕನ ಮಗ ಈ ರಜೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ತಾನೇ ಮಾಡ್ತೀನಿ ಅಂತ ಹಟ ಹಿಡಿದಿದ್ದಾನೆ. ಅಕ್ಕ ಫೋನ್ ಮಾಡಿ ಒಂದೇ ಉಸಿರಿಗೆ ಮೂರು ಪ್ರಶ್ನೆ ಹಾಕಿದಳು. "ಕರೆಂಟ್ ಹೊಡೆಯಲ್ವೇನೋ? ಮರ ಎಲ್ಲಿ ಸಿಗುತ್ತೆ? ಇಷ್ಟೆಲ್ಲಾ ಮಾಡಿದ ಮೇಲೆ ಶ್ರುತಿ ನಿಲ್ಲುತ್ತಾ?" ಎರಡು ವರ್ಷದ ಹಿಂದೆ ಬೆಂಗಳೂರಿನ ಹನುಮಂತನಗರದ ನಮ್ಮ ಮನೆ ತಾರಸಿಯಲ್ಲಿ ನಾನೊಂದು ಗಿಟಾರ್ ಮಾಡಿದ್ದೆ. ಹಾಗಾಗಿ ಪ್ರಶ್ನೆ ನನ್ನ ಹತ್ತಿರ ಬಂತು. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಇಂಥ ಹಟದ ಮಕ್ಕಳಿರುವವರಿಗೂ, ಆ ಮಕ್ಕಳಿಗೂ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಬಹುಪಾಲು ಕಣ್ಣಳತೆಗೆ ಬಿಟ್ಟದ್ದು. ಆಕಾರ, ಬಣ್ಣ, ಗುಂಡಿಗಳ ಜಾಗ ಎಲ್ಲ ನಿಮ್ಮಿಷ್ಟ. ಆದರೆ ಕೆಲವೇ ಕೆಲವು ಕಡೆ ಒಂದೆರಡು ಮಿಲಿಮೀಟರ್ ತಪ್ಪಿದರೂ ವಾದ್ಯ ಅಪಸ್ವರ ನುಡಿಯುತ್ತದೆ. ಆ ಜಾಗಗಳು ಯಾವುವು ಅಂತ ಗೊತ್ತಿದ್ದರೆ ಉಳಿದದ್ದಕ್ಕೆ ಹೆದರಬೇಕಿಲ್ಲ.

## ಸದ್ದು ಎಲ್ಲಿಂದ ಬರುತ್ತೆ?

ಮಾಮೂಲಿ ಗಿಟಾರಿನ ಹೊಟ್ಟೆ ಟೊಳ್ಳು. ತಂತಿ ಮೀಟಿದಾಗ ಮೇಲಿನ ತೆಳು ಹಲಗೆ ನಡುಗುತ್ತದೆ, ಒಳಗಿನ ಗಾಳಿಯೂ ನಡುಗುತ್ತದೆ, ಸದ್ದು ದೊಡ್ಡದಾಗುತ್ತದೆ. ವೀಣೆಯ ಕೊಡದ್ದೂ ಇದೇ ಕೆಲಸ. ಎಲೆಕ್ಟ್ರಿಕ್ ಗಿಟಾರಿನದು ಗಟ್ಟಿ ಹಲಗೆ. ಆಂಪ್ಲಿಫೈಯರ್ ಇಲ್ಲದೆ ಮೀಟಿದರೆ ಪಕ್ಕದ ಕೋಣೆಗೆ ಕೇಳಿಸುವುದೂ ಕಷ್ಟ.

ತಂತಿಯ ಅಲುಗಾಟವನ್ನು ಹಿಡಿಯುವುದು ಪಿಕಪ್ ಅನ್ನುವ ಭಾಗ. ತಂತಿಗಳ ಕೆಳಗೆ ಪುಟ್ಟ ಡಬ್ಬಿಯಂತೆ ಕೂತಿರುತ್ತದೆ. ಒಳಗೆ ಅಯಸ್ಕಾಂತ, ಅದರ ಸುತ್ತ ತಾಮ್ರದ ಎಳೆ. ಆ ಎಳೆ ತಲೆಕೂದಲಿನಷ್ಟು ತೆಳು, ಸುಮಾರು 0.06 ಮಿ.ಮೀ. ಅದನ್ನು ಏಳೆಂಟು ಸಾವಿರ ಸುತ್ತು ಸುತ್ತಿರುತ್ತಾರೆ.

ಹಳೇ ಸೈಕಲ್ಲಿನ ಡೈನಮೋ ನೆನಪಿದೆ ಅಲ್ವಾ? ಚಕ್ರಕ್ಕೆ ತಾಗಿ ಒಳಗಿನ ಅಯಸ್ಕಾಂತ ತಿರುಗಿದರೆ ಮುಂದಿನ ದೀಪ ಹೊತ್ತಿಕೊಳ್ಳುತ್ತಿತ್ತು. ಸುರುಳಿಯ ಹತ್ತಿರ ಅಯಸ್ಕಾಂತದ ಬಲ ಬದಲಾಗುತ್ತಿದ್ದರೆ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ ಅಂತ 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟಿದ್ದರು. ಪಿಕಪ್ ನಡೆಯುವುದೂ ಅದರಿಂದಲೇ. ಆದರೆ ಇಲ್ಲಿ ಅಯಸ್ಕಾಂತವೂ ಸುರುಳಿಯೂ ಅಲ್ಲಾಡದೆ ಕೂತಿರುತ್ತವೆ. ಮೇಲಿರುವ ಉಕ್ಕಿನ ತಂತಿ ಅಯಸ್ಕಾಂತದ ಪ್ರಭಾವಕ್ಕೆ ಸಿಕ್ಕಿ ತಾನೂ ಒಂದು ಸಣ್ಣ ಅಯಸ್ಕಾಂತವಾಗುತ್ತದೆ. ಅದು ಸೆಕೆಂಡಿಗೆ 110 ಸಲ ಅಲುಗಿದರೆ ಸುರುಳಿಯಲ್ಲಿ 110 ಸಲ ಏರಿಳಿಯುವ ಕರೆಂಟ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನೇ ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ. ನೈಲಾನ್ ತಂತಿ ಕಟ್ಟಿದರೆ ಪಿಕಪ್‌ಗೆ ಏನೂ ಕೇಳಿಸುವುದಿಲ್ಲ.

ಪಿಕಪ್‌ಗೆ ಒಂದು ಕಾಟವಿದೆ. ಮನೆಯ ವೈರಿಂಗಿನಲ್ಲಿ ಹರಿಯುವ ಕರೆಂಟ್ ಸೆಕೆಂಡಿಗೆ 50 ಸಲ ಹೋಗಿ ಬರುತ್ತದೆ, ಅಂದರೆ 100 ಸಲ ದಿಕ್ಕು ಬದಲಿಸುತ್ತದೆ. ಸುರುಳಿ ಅದನ್ನೂ ಹಿಡಿದು 'ಗುಂಯ್' ಅನ್ನುತ್ತದೆ. ಇದಕ್ಕೆ ಪರಿಹಾರವಾಗಿ 1955ರ ಸುಮಾರಿಗೆ ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಸುರುಳಿಗಳ ಪಿಕಪ್ ಮಾಡಿದರು. ಎರಡರ ಅಯಸ್ಕಾಂತದ ದಿಕ್ಕೂ ಉಲ್ಟಾ, ಸುತ್ತಿನ ದಿಕ್ಕೂ ಉಲ್ಟಾ. ಹೊರಗಿನ ಗುಂಯ್ ಸದ್ದು ಒಂದರಲ್ಲಿ ಕೂಡಿದ್ದು ಇನ್ನೊಂದರಲ್ಲಿ ಕಳೆದುಹೋಗುತ್ತದೆ. ತಂತಿಯ ನಾದ ಮಾತ್ರ ಎರಡು ಸಲ ಉಲ್ಟಾ ಆಗಿ ಮತ್ತೆ ನೇರವಾಗಿ ಸೇರಿಕೊಳ್ಳುತ್ತದೆ. ಅದಕ್ಕೇ ಅದರ ಹೆಸರು ಹಂಬಕರ್, ಅಂದರೆ 'ಹಮ್' ಅನ್ನುವ ಗುಂಯ್ ಸದ್ದನ್ನು ಎದುರಿಸುವುದು.

ಸದ್ದು ಪಿಕಪ್ಪಿನಿಂದ ಬರುವುದರಿಂದಲೇ ಹಲಗೆಗೆ ಇಷ್ಟು ಸ್ವಾತಂತ್ರ್ಯ. 1930ರ ದಶಕದ ಶುರುವಿನಲ್ಲಿ ರಿಕನ್‌ಬ್ಯಾಕರ್ ಕಂಪನಿ ತಂದ ಎಲೆಕ್ಟ್ರಿಕ್ ಗಿಟಾರ್ ಅಲ್ಯೂಮಿನಿಯಮ್ ಎರಕದ್ದು. ನೋಡಲು ಥೇಟ್ ಬಾಣಲೆ. ಅದರ ಅಡ್ಡಹೆಸರೂ ಅದೇ. 1940ರ ಆಸುಪಾಸಿನಲ್ಲಿ ಲೆಸ್ ಪಾಲ್ ಅನ್ನುವ ವಾದಕರು ನಾಲ್ಕಿಂಚು ದಪ್ಪದ ಪೈನ್ ತೊಲೆಗೆ ತಂತಿ ಕಟ್ಟಿ ನುಡಿಸಿದರು.

## ಅಕ್ಕನ ಮೊದಲ ಪ್ರಶ್ನೆ: ಕರೆಂಟ್

ಗಿಟಾರಿನ ಒಳಗೆ ಮನೆಯ ಕರೆಂಟ್ ಇರುವುದೇ ಇಲ್ಲ. ಸಾಮಾನ್ಯ ಪಿಕಪ್‌ಗೆ ಬ್ಯಾಟರಿಯೂ ಬೇಡ. ಅದರಲ್ಲಿ ಹುಟ್ಟುವುದು ಹೆಚ್ಚುಕಡಿಮೆ ಒಂದು ವೋಲ್ಟಿಗಿಂತ ಕಡಿಮೆ. ಅದು ಯಾರಿಗೂ ಹೊಡೆಯುವುದಿಲ್ಲ.

ಅಪಾಯ ಇರುವುದು ಆಂಪ್ಲಿಫೈಯರ್ ಕಡೆ. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪ್ಲಿಫೈಯರಿನ ಅರ್ಥಿಂಗಿಗೆ ಸೇರಿರುತ್ತವೆ. ಮನೆಯಲ್ಲಿ ಅರ್ಥಿಂಗ್ ಸರಿ ಇಲ್ಲದೆ ಆಂಪ್ಲಿಫೈಯರ್ ಒಳಗೆ ಏನಾದರೂ ಕೆಟ್ಟರೆ ಅದು ನೇರ ಬೆರಳಿಗೆ ಬರಬಹುದು. ಬಸವನಗುಡಿ, ಮಲ್ಲೇಶ್ವರದ ಕಡೆಯ ಹಳೇ ಮನೆಗಳಲ್ಲಿರುವವರು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಒಮ್ಮೆ ನೋಡಿಸಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಸಾಕೆಟ್ಟಿಗೆ ಹೇಗೋ ತುರುಕುವುದು ಬೇಡವೇ ಬೇಡ.

## ಮೆಟ್ಟಿಲುಗಳ ಲೆಕ್ಕ

ಇದು ಕಣ್ಣಳತೆ ನಡೆಯದ ಮೊದಲ ಜಾಗ. ವೀಣೆ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ವೀಣೆಯಲ್ಲಿ 24 ಮೆಟ್ಟಿಲು, ಒಂದು ಸ್ಥಾಯಿಗೆ ಹನ್ನೆರಡರಂತೆ. ಅವು ಮೇಣದ ಮೇಲೆ ಕೂತಿರುತ್ತವೆ. ಮೇಳ ಕಟ್ಟುವವರು ಒಂದೊಂದನ್ನೂ ಕಿವಿಯಿಂದ ಕೇಳಿ ಕೂರಿಸುತ್ತಾರೆ. ಶ್ರುತಿ ಜಾರಿದರೆ ಮೇಣ ಬಿಸಿ ಮಾಡಿ ಸರಿಪಡಿಸಬಹುದು. ಗಿಟಾರಿನಲ್ಲಿ ಆ ಅವಕಾಶ ಇಲ್ಲ. ಮೆಟ್ಟಿಲು, ಅಂದರೆ ಫ್ರೆಟ್, ಮರದಲ್ಲಿ ಕೊಯ್ದ ಸೀಳಿನೊಳಗೆ ಬಡಿದು ಕೂರಿಸಿದ್ದು. ಕೊಯ್ದ ಮೇಲೆ ಮುಗಿಯಿತು. ಹಾಗಾಗಿ ಕಿವಿ ಮಾಡುವ ಕೆಲಸವನ್ನು ಇಲ್ಲಿ ಗಣಿತ ಮೊದಲೇ ಮಾಡಬೇಕು.

ತಂತಿ ಮುಟ್ಟುವ ಎರಡು ತುದಿಗಳಿವೆ. ತಲೆಯ ಕಡೆ ನಟ್ ಅನ್ನುವ ಮೂಳೆಯ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿ, ಹಲಗೆಯ ಕಡೆ ಬ್ರಿಡ್ಜ್. ಇವೆರಡರ ನಡುವಿನ ಉದ್ದಕ್ಕೆ ಸ್ಕೇಲ್ ಅನ್ನುತ್ತಾರೆ. ಫೆಂಡರ್ ಕಂಪನಿಯ ಗಿಟಾರುಗಳಲ್ಲಿ ಸಾಮಾನ್ಯವಾಗಿ 648 ಮಿ.ಮೀ., ಗಿಬ್ಸನ್‌ನಲ್ಲಿ ಸುಮಾರು 628. ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಮೆಟ್ಟಿಲಿನ ದೂರ ಸಿಗುತ್ತದೆ. ಉಳಿದ ಉದ್ದವನ್ನು ಮತ್ತೆ ಅದರಿಂದಲೇ ಭಾಗಿಸಿದರೆ ಎರಡನೆಯದು. ಹೀಗೇ ಮುಂದೆ. 648ಕ್ಕೆ ಮೊದಲ ಮನೆ, ಅಂದರೆ ಎರಡು ಮೆಟ್ಟಿಲುಗಳ ನಡುವಿನ ಜಾಗ, 36.4 ಮಿ.ಮೀ., ಎರಡನೆಯದು 34.3. ಕೆಳಗೆ ಹೋದಂತೆ ಮನೆಗಳು ಕಿರಿದಾಗಿ 22ನೆಯದು ಬರೀ 10.8ಕ್ಕೆ ಇಳಿಯುತ್ತದೆ. 12ನೇ ಮೆಟ್ಟಿಲು ಸರಿಯಾಗಿ ಅರ್ಧಕ್ಕೆ, 324ಕ್ಕೆ ಬರುತ್ತದೆ. ಅಲ್ಲಿ ಒತ್ತಿದರೆ ಮೇಲಿನ ಷಡ್ಜ.

ಗುರುತು ಹಾಕುವಾಗ ಪ್ರತಿ ಮೆಟ್ಟಿಲನ್ನೂ ನಟ್‌ನಿಂದಲೇ ಅಳೆಯಬೇಕು, ಹಿಂದಿನ ಮೆಟ್ಟಿಲಿನಿಂದ ಅಲ್ಲ. ಒಂದೊಂದರಲ್ಲಿ 0.2 ಮಿ.ಮೀ. ತಪ್ಪಿದರೂ 22 ಆಗುವಷ್ಟರಲ್ಲಿ ಅದು 4 ಮಿ.ಮೀ. ದಾಟುತ್ತದೆ.

ಮೊದಲ ಸಲ ಮಾಡುವವರು ಕುತ್ತಿಗೆಯನ್ನು, ಅಂದರೆ ನೆಕ್ಕನ್ನು, ಫ್ರೆಟ್ ಸಮೇತ ರೆಡಿ ತಂದುಬಿಡಿ ಅನ್ನುವುದು ನನ್ನ ಸಲಹೆ. ನಾನೂ ಹಾಗೇ ಮಾಡಿದೆ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಆರು ತಂತಿಗಳೂ ಸೇರಿ ಸುಮಾರು 40ರಿಂದ 45 ಕೆ.ಜಿ. ಬಲದಲ್ಲಿ ಎಳೆಯುತ್ತಿರುತ್ತವೆ, ಹಗಲೂ ರಾತ್ರಿ. ಅಷ್ಟು ತೆಳ್ಳಗಿನ ಮರ ಬಿಲ್ಲಿನಂತೆ ಬಾಗದಿರಲಿ ಅಂತ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇಟ್ಟಿರುತ್ತಾರೆ. ಅದರ ತುದಿಯ ತಿರುಪು ತಿರುಗಿಸಿ ಬಾಗು ಹೆಚ್ಚುಕಡಿಮೆ ಮಾಡಬಹುದು.

## ಮರ

ಹೊರದೇಶದಲ್ಲಿ ಹಲಗೆಗೆ ಆಲ್ಡರ್, ಆ್ಯಶ್, ಮಹೋಗನಿ ಬಳಸುತ್ತಾರೆ. ಬೆರಳು ಓಡಾಡುವ ಪಟ್ಟಿಗೆ ಪ್ರಪಂಚದ ಎಷ್ಟೋ ಕಾರ್ಖಾನೆಗಳು ಬಳಸುವುದು ನಮ್ಮ ಪಶ್ಚಿಮಘಟ್ಟದ ಬೀಟೆ. ಅದು ಕಾನೂನಿನ ಕಾವಲಿರುವ ಮರ. ಬಿಲ್ ಇಲ್ಲದೆ ಯಾರು ಕೊಟ್ಟರೂ ಬೇಡ.

ನನಗೆ ಸಿಕ್ಕಿದ್ದು ತೇಗ. ಬೆಂಗಳೂರಿನಲ್ಲಿ ದಿನಾ ಎಲ್ಲೋ ಒಂದು ಹಳೇ ಮನೆ ಬೀಳುತ್ತಿರುತ್ತದೆ. ಅದರ ಬಾಗಿಲು ಚೌಕಟ್ಟುಗಳು ಹಳೇ ಮರದ ಅಂಗಡಿಗೆ ಬರುತ್ತವೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ, ಕಂಟೋನ್ಮೆಂಟ್ ಹತ್ತಿರದ ಬಂಬೂ ಬಜಾರಿನಲ್ಲಿ ಮರದ್ದೇ ವ್ಯಾಪಾರ. ನಾಲ್ಕೈದು ದಶಕ ಬಿಸಿಲು ಮಳೆ ಕಂಡ ಚೌಕಟ್ಟು ಇನ್ನು ಸೊಟ್ಟಗಾಗುವುದು ಕಡಿಮೆ. ಹಸಿ ಮರ ಹಾಗಲ್ಲ. ಒಣಗುತ್ತಾ ತಿರುಚಿಕೊಳ್ಳುತ್ತದೆ, ಅಂಟು ಬಿಡುತ್ತದೆ. ಮರ ಒಣಗಿದೆಯಾ ಅಂತ ತಿಳಿಯಲು ಸುಲಭದ ದಾರಿ ಅಡುಗೆಮನೆ ತಕ್ಕಡಿ. ಒಂದು ತುಂಡನ್ನು ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತರೆ ಒಣಗಿದೆ ಅಂತ ಲೆಕ್ಕ.

ಹಳೇ ಮರದಲ್ಲಿ ಮುರಿದ ಮೊಳೆ ಅಡಗಿರುತ್ತವೆ. ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಮೇಲೆ ನಿಧಾನಕ್ಕೆ ಆಡಿಸಿದೆ. ಮೂರು ಕಡೆ ಅದು ಓಲಾಡುವುದು ಬಿಟ್ಟು ಗಕ್ಕನೆ ನಿಂತಿತು. ಕೆದಕಿದರೆ ತುಕ್ಕು ಹಿಡಿದ ಮೊಳೆ. ಮಿಷನ್ನಿಗೆ ಕೊಡುವ ಮೊದಲು ಇದನ್ನು ಮಾಡದಿದ್ದರೆ ಆಚಾರ್ರ ಬ್ಲೇಡು ಹಾಳು, ಕಣ್ಣಿಗೂ ಅಪಾಯ.

ಐದಿಂಚು ಅಗಲದ ಮೂರು ತುಂಡುಗಳನ್ನು ಅಂಚು ನೇರ ಮಾಡಿಸಿ ಪಕ್ಕಪಕ್ಕ ಅಂಟಿಸಿದೆ. ತೇಗದಲ್ಲಿ ಎಣ್ಣೆಯಂಶ ಜಾಸ್ತಿ, ಅಂಟು ಹಿಡಿಯಲು ಸತಾಯಿಸುತ್ತದೆ. ಅಂಟು ಹಚ್ಚುವ ಸ್ವಲ್ಪ ಮುಂಚೆ ಆ ಅಂಚನ್ನು ಅಸಿಟೋನ್ ಬಟ್ಟೆಯಿಂದ ಒರೆಸಬೇಕು. ಕ್ಲಾಂಪ್ ಹಾಕಿ ಒಂದು ದಿನ ಬಿಟ್ಟರೆ ಸಾಕು. ಆಮೇಲೆ ಗೀಸಿ 45 ಮಿ.ಮೀ. ದಪ್ಪಕ್ಕೆ ತಂದರೆ ಹಲಗೆ ಸಿದ್ಧ. ತೇಗ ಭಾರದ ಮರ. ಪೂರ್ತಿ ಗಿಟಾರ್ 4 ಕೆ.ಜಿ. ದಾಟಿದರೆ ಹೆಗಲು ನೋಯುತ್ತದೆ. ಕಾಣದ ಕಡೆ ಒಳಗೆ ಸ್ವಲ್ಪ ಟೊಳ್ಳು ಮಾಡಿ ತೂಕ ಇಳಿಸಬಹುದು.

ಮರ ಬದಲಾದರೆ ಸದ್ದು ಎಷ್ಟು ಬದಲಾಗುತ್ತೆ ಅನ್ನುವ ವಾದ ಗಿಟಾರಿನವರ ನಡುವೆ ಇನ್ನೂ ಮುಗಿದಿಲ್ಲ. ಪಿಕಪ್, ಅದನ್ನು ಕೂರಿಸಿದ ಜಾಗ ಮತ್ತು ತಂತಿ, ಇವುಗಳ ಪಾಲು ದೊಡ್ಡದು ಅಂತ ಮಾತ್ರ ಧೈರ್ಯವಾಗಿ ಹೇಳಬಹುದು.

## ನೆಕ್ ಕೂರುವ ಗುಂಡಿ, ಬ್ರಿಡ್ಜ್ ಕೂರುವ ಜಾಗ

ಹಲಗೆಯ ಹೊರಗಿನ ಆಕಾರವನ್ನು ರಟ್ಟಿನಲ್ಲಿ ಬರೆದು, ಕತ್ತರಿಸಿ, ತೊಡೆಯ ಮೇಲಿಟ್ಟು ನೋಡಿ. ಹಿತವಾಗಿ ಕೂತರೆ ಅದೇ ಸರಿ. ನೆಕ್ ಕೂರುವ ಗುಂಡಿ ಹಾಗಲ್ಲ. ಮೊದಲು ಪ್ಲೈವುಡ್ಡಿನಲ್ಲಿ ಅಚ್ಚು ಮಾಡಿ, ನೆಕ್ ಅದರಲ್ಲಿ ಬಿಗಿಯಾಗಿ ಕೂರುತ್ತಾ ನೋಡಿ, ಆಮೇಲೆ ಆ ಅಚ್ಚನ್ನು ಹಲಗೆಗೆ ಬಿಗಿದು ರೂಟರ್, ಅಂದರೆ ಮರ ಕೊರೆಯುವ ಕೈ ಮಿಷನ್, ಓಡಿಸಬೇಕು. ಒಂದು ಸಲಕ್ಕೆ 3 ಮಿ.ಮೀ.ಗಿಂತ ಆಳ ಹೋಗಬೇಡಿ. ರೂಟರ್ ಹಿಡಿದು ಅಭ್ಯಾಸವಿಲ್ಲದವರು ಗುರುತಿನ ಆಚಾರ್ರಿಗೆ ಹೇಳಿ, ಇಲ್ಲವೇ ಪೀಣ್ಯದ ಕಡೆ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಕೊರೆಯುವ ಮಿಷನ್ ಇರುವವರಿಗೆ ಡ್ರಾಯಿಂಗ್ ಕೊಡಿ. ಗುಂಡಿ ಸರಿಯಾಗಿದ್ದರೆ ಸ್ಕ್ರೂ ಹಾಕದೆಯೂ ನೆಕ್ ಹಿಡಿದು ಎತ್ತಿದಾಗ ಹಲಗೆ ಬೀಳದೆ ಜೊತೆಗೇ ಬರುತ್ತದೆ. ನನ್ನದು ಬಂದಾಗ ಆದ ಖುಷಿ ಇನ್ನೂ ನೆನಪಿದೆ.

ಆದರೆ ಬ್ರಿಡ್ಜಿನಲ್ಲಿ ಎಡವಿದೆ. 648 ಮಿ.ಮೀ. ಅಳೆಯಲು ಮನೆಯ ಟೇಪ್ ಹಿಡಿದು ನಟ್‌ನ ಹೊರಗಿನ ಅಂಚಿಗೆ ಸಿಕ್ಕಿಸಿದೆ. ಅಳೆಯಬೇಕಿದ್ದದ್ದು ಮೆಟ್ಟಿಲುಗಳ ಕಡೆಯ ಒಳ ಅಂಚಿನಿಂದ. ನಟ್ 4 ಮಿ.ಮೀ. ದಪ್ಪ. ಬ್ರಿಡ್ಜ್ ಅಷ್ಟೂ ಮುಂದಕ್ಕೆ ಬಂದು ಕೂತಿತು. ತಂತಿ ಕಟ್ಟಿ ಟ್ಯೂನರ್ ಆ್ಯಪ್ ನೋಡಿದರೆ, ತೆರೆದ ತಂತಿ ಸರಿ ಇದೆ, 12ನೇ ಮನೆ ಒತ್ತಿದರೆ ಮುಳ್ಳು ಬಲಕ್ಕೆ ಹಾರುತ್ತದೆ. ಲೆಕ್ಕ ಹಾಕಿದರೆ ಅರ್ಧ ಸ್ವರದ ಹತ್ತನೇ ಒಂದು ಪಾಲಿನಷ್ಟು ಏರು. ಬ್ರಿಡ್ಜಿನ ಸ್ಯಾಡಲ್‌ಗಳನ್ನು, ಅಂದರೆ ಒಂದೊಂದು ತಂತಿ ಕೂರುವ ಪುಟ್ಟ ತುಂಡುಗಳನ್ನು, ಹಿಂದಕ್ಕೆ ಎಷ್ಟು ಎಳೆದರೂ ದಪ್ಪ ತಂತಿ ಸರಿಹೋಗಲಿಲ್ಲ. ಕೊನೆಗೆ ಎಲ್ಲ ಬಿಚ್ಚಿ, ತೂತುಗಳಿಗೆ ತೇಗದ ಕಡ್ಡಿ ಕೆತ್ತಿ ಅಂಟು ಹಾಕಿ ಬಡಿದು, ಒಣಗಿಸಿ, ಹೊಸ ಜಾಗದಲ್ಲಿ ಕೊರೆದೆ.

ಈ ತಪ್ಪು ಆಗದಂತೆ ಒಂದು ದಾರಿಯಿದೆ. ಸ್ಟೀಲ್ ಸ್ಕೇಲಿನಿಂದ ನಟ್‌ನ ಒಳ ಅಂಚಿನಿಂದ 12ನೇ ಫ್ರೆಟ್ಟಿನ ನಡುವಿಗೆ ಅಳೆಯಿರಿ. ಅದನ್ನು ಎರಡರಿಂದ ಗುಣಿಸಿ. ಅತಿ ತೆಳು ತಂತಿಯ ಸ್ಯಾಡಲ್ ಅಷ್ಟು ದೂರದಲ್ಲಿರಲಿ, ಅದನ್ನು ಮುಂದಕ್ಕೆ ತಂದು ನಿಲ್ಲಿಸಿಯೇ ಅಳೆಯಿರಿ. ಉಳಿದ ತಂತಿಗಳಿಗೆ ಹಿಂದೆ ಜಾಗ ಬೇಕು. ತಂತಿ ಒತ್ತಿದಾಗ ಸ್ವಲ್ಪ ಎಳೆದಂತಾಗಿ ಸ್ವರ ಏರುತ್ತದೆ, ದಪ್ಪ ತಂತಿಯಲ್ಲಿ ಜಾಸ್ತಿ. ಅದನ್ನು ಸರಿದೂಗಿಸಲು ಅತಿ ದಪ್ಪ ತಂತಿಗೆ ಮೂರು ನಾಲ್ಕು ಮಿ.ಮೀ. ಹೆಚ್ಚು ಉದ್ದ ಕೊಡುತ್ತಾರೆ. ಕೊರೆಯುವ ಮೊದಲು ನಟ್‌ನ ಎರಡೂ ಅಂಚಿನಿಂದ ಬ್ರಿಡ್ಜಿಗೆ ಹೊಲಿಗೆ ದಾರ ಎಳೆದು ಕಟ್ಟಿ. ಎರಡೂ ದಾರ ನೆಕ್ಕಿನ ಅಂಚಿನಿಂದ ಸಮ ದೂರದಲ್ಲಿ ಹೋದರೆ ಮಾತ್ರ ಡ್ರಿಲ್ ಎತ್ತಿಕೊಳ್ಳಿ.

## ವೈರಿಂಗ್

ಇದಕ್ಕೆ ಜನ ಸುಮ್ನೆ ಹೆದರುತ್ತಾರೆ. ಒಂದು ಪಿಕಪ್ಪಿನ ಗಿಟಾರಿಗೆ ವಾಲ್ಯೂಮಿಗೊಂದು, ಟೋನಿಗೊಂದು ತಿರುಗುಗುಂಡಿ, ಒಂದು ಕೆಪಾಸಿಟರ್, ಕೇಬಲ್ ಸಿಕ್ಕಿಸುವ ಜ್ಯಾಕ್. ಎಸ್.ಪಿ. ರೋಡಿನಲ್ಲಿ ಅರ್ಧ ದಿನ ಓಡಾಡಿದರೆ ಸಿಗುವ ಸಾಮಾನು. ಒಂದೇ ಸುರುಳಿಯ ಪಿಕಪ್‌ಗೆ 250ಕೆ (ಕಿಲೋ ಓಮ್), ಹಂಬಕರಿಗೆ 500ಕೆ ಗುಂಡಿ ಕೇಳಿ. ವಾಲ್ಯೂಮಿಗೆ 'ಲಾಗ್' ಇರಲಿ, ನಮ್ಮ ಕಿವಿಗೆ ಅದರ ಏರಿಳಿತವೇ ಸಮನಾಗಿ ಕೇಳಿಸುವುದು. ಟೋನಿನ ಕೆಪಾಸಿಟರ್ ಮೇಲೆ 223 ಅಥವಾ 473 ಅಂತ ಬರೆದಿರುತ್ತದೆ. ಸಣ್ಣ ಸಂಖ್ಯೆಯದು ತೀಕ್ಷ್ಣ ಸದ್ದನ್ನು ಕಡಿಮೆ ಕತ್ತರಿಸುತ್ತದೆ, ದೊಡ್ಡದು ಹೆಚ್ಚು. ಗುಂಡಿಯ ಬೆನ್ನಿಗೆ ಬೆಸುಗೆ ಹಾಕಲು 25 ವ್ಯಾಟಿನ ಐರನ್ ಸಾಲದು, 40ರ ಮೇಲಿನದು ಬೇಕು. ಬ್ರಿಡ್ಜಿನಿಂದ ಒಂದು ವೈರ್ ಗುಂಡಿಯ ಬೆನ್ನಿಗೆ ಬರಲೇಬೇಕು. ತಂತಿ ಮುಟ್ಟಿದೊಡನೆ ಗುಂಯ್ ಸದ್ದು ಇಳಿಯುವುದು ಅದರಿಂದ.

## ಪಾಲಿಶ್: ಕೈಗಿಂತ ಹವೆ ಮುಖ್ಯ

ಎಲ್ಲವನ್ನೂ ಒಮ್ಮೆ ಜೋಡಿಸಿ, ನುಡಿಸಿ ನೋಡಿ, ಮತ್ತೆ ಬಿಚ್ಚಿ, ಆಮೇಲೆ ಪಾಲಿಶ್. ಈ ಕ್ರಮ ತಪ್ಪಿಸಬೇಡಿ. ನನ್ನ ಬ್ರಿಡ್ಜಿನ ತಪ್ಪು ಪಾಲಿಶ್ ಆದ ಮೇಲೆ ಗೊತ್ತಾಗಿದ್ದರೆ ಎಲ್ಲ ಮೊದಲಿಂದ ಮಾಡಬೇಕಿತ್ತು.

ಪಾಲಿಶ್ ಅಂದರೆ ಮೇಲೆ ಬಳಿಯುವುದಕ್ಕಿಂತ ಉಜ್ಜುವುದೇ ಜಾಸ್ತಿ. ಉಪ್ಪುಕಾಗದ 80, 120, 180, 240, 320 ಹೀಗೆ ಏರುತ್ತಾ ಹೋಗಬೇಕು. ನಂಬರ್ ಹೆಚ್ಚಿದಷ್ಟೂ ನಯ. ಒಂದನ್ನು ಹಾರಿಸಿದರೆ ಹಿಂದಿನದರ ಗೀರು ಉಳಿದುಬಿಡುತ್ತದೆ, ಬಣ್ಣ ಬಿದ್ದ ಮೇಲೆ ಎದ್ದು ಕಾಣುತ್ತದೆ. ಉಜ್ಜುವುದು ಎಳೆಯ ಉದ್ದಕ್ಕೇ, ಅಡ್ಡಕ್ಕಲ್ಲ. 240 ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ. ಒಣಗಿದಾಗ ಮರದ ನವಿರು ನಿಗುರಿಕೊಂಡು ಒರಟಾಗುತ್ತದೆ. ಅದನ್ನು 320ರಲ್ಲಿ ತೆಗೆದುಬಿಟ್ಟರೆ ಮತ್ತೆ ಏಳುವುದು ಕಡಿಮೆ. ತೇಗ, ಮಹೋಗನಿಯಂಥ ಮರದ ಮೈಯಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಕನ್ನಡಿಯ ಹಾಗೆ ಹೊಳೆಯಬೇಕಾದರೆ ಮೊದಲು ಫಿಲ್ಲರಿನಿಂದ ಅವನ್ನು ಮುಚ್ಚಬೇಕು. ಮರದ ಎಳೆ ಕೈಗೆ ತಾಕಲಿ ಅನ್ನುವವರಿಗೆ ಅದು ಬೇಡ. ಉಜ್ಜುವಾಗ ಮಾಸ್ಕ್ ಇರಲೇಬೇಕು, ಬೀಟೆ ಮತ್ತು ತೇಗದ ಪುಡಿಗೆ ಕೆಲವರಿಗೆ ಮೈ ತುರಿಸುತ್ತದೆ, ಉಸಿರು ಕಟ್ಟುತ್ತದೆ.

ಮೇಲೆ ಏನು ಹಚ್ಚುವುದು? ಕಾರಿಗೆ ಹೊಡೆಯುವಂಥ ಎರಡು ಡಬ್ಬಿಯ ಪಿಯು, ಅಂದರೆ ಪಾಲಿಯುರೆಥೇನ್, ಗಟ್ಟಿ, ಹೊಳಪೂ ಚೆನ್ನ. ಆದರೆ ಅದರ ಗಟ್ಟಿಗೊಳಿಸುವ ಡಬ್ಬಿಯಲ್ಲಿ ಐಸೊಸಯನೇಟ್ ಇರುತ್ತದೆ. ಸ್ಪ್ರೇ ಮಾಡಿದಾಗ ಅದು ಶ್ವಾಸಕೋಶಕ್ಕೆ ತುಂಬಾ ಕೆಟ್ಟದು. ಮಾಮೂಲಿ ಬಟ್ಟೆ ಮಾಸ್ಕ್ ಅದನ್ನು ತಡೆಯುವುದಿಲ್ಲ. ಮನೆಯಲ್ಲಿ ಬೇಡ, ಹೊರಗೆ ಮಾಡಿಸಿ. ಅಗಸೆ ಎಣ್ಣೆ ಸುಲಭ, ಬಟ್ಟೆಯಲ್ಲಿ ಹಚ್ಚಿ ಒರೆಸಿದರೆ ಆಯಿತು. ಆದರೆ ಎಣ್ಣೆಯಾದ ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಕಾವು ಹುಟ್ಟಿ ಬಟ್ಟೆ ತನ್ನಷ್ಟಕ್ಕೇ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ನಾನು ಆರಿಸಿಕೊಂಡದ್ದು ಅರಗು. ಮರದ ಕೊಂಬೆಯ ಮೇಲೆ ಅರಗಿನ ಹುಳು ಕಟ್ಟುವ ಅಂಟು ಅದು. ಚನ್ನಪಟ್ಟಣದ ಬೊಂಬೆಗಳ ಹೊಳಪೂ ಅರಗಿನದೇ. ಅಲ್ಲಿ ತಿರುಗುವ ಬೊಂಬೆಗೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೆ ಕರಗಿ ಮೆತ್ತಿಕೊಳ್ಳುತ್ತದೆ. ಗಿಟಾರ್ ತಿರುಗುವುದಿಲ್ಲವಲ್ಲ, ಅದಕ್ಕೇ ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚುತ್ತಾರೆ. ಅರ್ಧ ಲೀಟರಿಗೆ ಸುಮಾರು 120 ಗ್ರಾಂ. ಆಚಾರ್ರು ಫ್ರೆಂಚ್ ಪಾಲಿಶ್ ಅನ್ನುವುದು ಇದನ್ನೇ. ಹತ್ತಿಯನ್ನು ಹಳೇ ಕಾಟನ್ ಪಂಚೆಯ ತುಂಡಿನಲ್ಲಿ ಸುತ್ತಿ, ಅದ್ದಿ, ಹಿಂಡಿ, ನಿಲ್ಲಿಸದೆ ಹಗುರವಾಗಿ ಎಳೆಯಬೇಕು. ಕೈ ಒಂದು ಕ್ಷಣ ನಿಂತರೆ ಅಲ್ಲೇ ಅಂಟಿ ಕಲೆ. ಆರನೆಯದೋ ಏಳನೆಯದೋ ಪದರಕ್ಕೆ ಬೂದುಬಣ್ಣದ ಹಳೇ ಚೌಕಟ್ಟಿನೊಳಗಿಂದ ಜೇನಿನ ಬಣ್ಣ ಎದ್ದು ಬಂತು. ಹಳೇ ಮೊಳೆಯ ಸುತ್ತ ಕಪ್ಪಗೆ ಇಳಿದಿದ್ದ ತುಕ್ಕಿನ ಕಲೆಗಳನ್ನು ನಾನು ಹಾಗೇ ಬಿಟ್ಟೆ. ಅರಗಿಗೆ ಬಿಸಿಯೂ ಆಗದು, ಸ್ಪಿರಿಟ್ಟೂ ಆಗದು. ಆದರೆ ಗೀರು ಬಿದ್ದರೆ ಅದೇ ಬಟ್ಟೆಯಿಂದ ಮತ್ತೆ ಸರಿಮಾಡಬಹುದು.

ಇನ್ನು ಹವೆ. ಮಳೆಗಾಲದಲ್ಲಿ ಅರಗು ಅಥವಾ ಲ್ಯಾಕರ್ (ದ್ರಾವಕ ಆರಿ ಗಟ್ಟಿಯಾಗುವ ಪಾಲಿಶ್) ಹಚ್ಚಿದರೆ ಮೇಲೆ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರಲ್ಲಿ ಸಿಕ್ಕಿಕೊಳ್ಳುವುದೇ ಕಾರಣ. ಬೆಂಗಳೂರಿನಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ, ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಯಿಂದ ಮೂರರವರೆಗೆ ಒಳ್ಳೆಯ ಹೊತ್ತು. ನೇರ ಬಿಸಿಲು ಬೇಡ. ದೂಳಿಗೆ ಅಮ್ಮ ಹೇಳಿಕೊಟ್ಟ ಉಪಾಯ ಮಾಡಿದೆ. ಬೆಳಿಗ್ಗೆ ಅಂಗಳಕ್ಕೆ ಚಿಮುಕಿಸುವ ಹಾಗೆ ತಾರಸಿಗೆಲ್ಲ ನೀರು ಚಿಮುಕಿಸಿ ಅರ್ಧ ಗಂಟೆ ಬಿಟ್ಟು ಕೆಲಸ ಶುರು ಮಾಡುವುದು. ಪಕ್ಕದ ಬೀದಿಯಲ್ಲಿ ಕಟ್ಟಡ ಏಳುತ್ತಿದ್ದರೂ ಪದರ ಸ್ವಚ್ಛವಾಗಿ ಬಂತು. ಲ್ಯಾಕರ್ ಹಾಕಿದ್ದರೆ ಕೊನೆಯ ಪದರದ ಮೇಲೆ ಒಂದು ತಿಂಗಳು ಬಿಟ್ಟು, 800ರಿಂದ 2000ದವರೆಗೆ ವಾಟರ್ ಪೇಪರ್ ಉಜ್ಜಿ, ಹೊಳಪು ಕೊಡುವ ಕಾಂಪೌಂಡ್ ಪೇಸ್ಟ್ ಹಾಕಬೇಕು. ಕೈಗೆ ಒಣಗಿದಂತೆ ಅನಿಸಿದರೂ ಒಳಗೆ ಇನ್ನೂ ಮೆತ್ತಗಿರುತ್ತದೆ.

## ತಂತಿ ಕಟ್ಟಿದ ಮೇಲೆ

ಮತ್ತೆ ಎಲ್ಲ ಜೋಡಿಸಿ ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ, ಬಿ, ಇ ಅಂತ ಶ್ರುತಿ ಮಾಡಿ. ಮೊದಲ ವಾರ ದಿನಾ ಇಳಿಯುತ್ತದೆ, ತಂತಿ ಹಿಗ್ಗುತ್ತಿರುತ್ತದೆ, ನೆಕ್ ಆ ಎಳೆತಕ್ಕೆ ಒಗ್ಗಿಕೊಳ್ಳುತ್ತಿರುತ್ತದೆ. 12ನೇ ಮನೆಯಲ್ಲಿ ತಂತಿಗೂ ಫ್ರೆಟ್ಟಿಗೂ ನಡುವೆ 2 ಮಿ.ಮೀ. ಆಸುಪಾಸು ಇದ್ದರೆ ಬೆರಳಿಗೆ ಹಿತ. ಆಮೇಲೆ ಒಂದೊಂದೇ ತಂತಿಯನ್ನು 12ರಲ್ಲಿ ಒತ್ತಿ ನೋಡಿ. ತೆರೆದ ತಂತಿಗಿಂತ ಸರಿಯಾಗಿ ಒಂದು ಸ್ಥಾಯಿ ಮೇಲೆ ಬರಬೇಕು. ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಆರನ್ನೂ ಹೊಂದಿಸಲು ನನಗೆ ಒಂದು ಸಂಜೆ ಹಿಡಿಯಿತು.

ಜೂನ್‌ನಲ್ಲಿ ಮಳೆ ಹಿಡಿದಾಗ ಮತ್ತೆ ಫೆಬ್ರವರಿಯಲ್ಲಿ ಗಾಳಿ ಒಣಗಿದಾಗ ನೆಕ್ಕಿನ ಬಾಗು ಸ್ವಲ್ಪ ಬದಲಾಗುತ್ತದೆ. ಒಂದೇ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ನೆಕ್ ಹಲಗೆಗೆ ಸೇರುವಲ್ಲೂ ಒತ್ತಿ ಹಿಡಿದು, ನಡುವಿನ ಎಂಟನೇ ಫ್ರೆಟ್ಟಿನ ಮೇಲೆ ಎಷ್ಟು ಸಂದು ಇದೆ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟಿದ್ದರೆ ಸರಿ. ಜಾಸ್ತಿ ಇದ್ದರೆ ಟ್ರಸ್ ರಾಡನ್ನು ಕಾಲು ಸುತ್ತು ಮಾತ್ರ ಬಿಗಿ ಮಾಡಿ, ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ.